ಕಿಡ್ನಿ ತೊಂದರೆ ಇರುವ ಮನೆಯಲ್ಲಿ ಈ ಏಳು ಅಂಕಿಗಳು ಗೊತ್ತಿರಲಿ

ನಿಮ್ಮ ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಾಯಿಲೆ ಮುಂದುವರಿದಿದೆಯೇ? ಡಯಾಲಿಸಿಸ್ ನಡೆಯುತ್ತಿದೆಯೇ? ಹಾಗಿದ್ದರೆ ರಕ್ತಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್ ಜೊತೆಗೆ ಫಾಸ್ಫರಸ್ ಎಂಬ ಸಾಲನ್ನೂ ನೋಡಿ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ 2.5ರಿಂದ 4.5 ಮಿಲಿಗ್ರಾಂ ಇರುತ್ತದೆ.

*ಫಾಸ್ಫೇಟ್ ಎಂದರೇನು?*
ಒಂದು ರಂಜಕದ ಪರಮಾಣು, ಅದರ ಸುತ್ತ ನಾಲ್ಕು ಆಮ್ಲಜನಕದ ಪರಮಾಣು. ಇಷ್ಟೇ. ಇದು ವಿಷವಲ್ಲ, ಇದಿಲ್ಲದೆ ಜೀವವೇ ಇಲ್ಲ. ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣುವಿನಲ್ಲಿ ಇಂಥ ಮೂರು ಗುಂಪುಗಳು ಸಾಲಾಗಿರುತ್ತವೆ. ಕೊನೆಯದು ಬೇರೆಯಾಗುವಾಗ ಸಿಗುವ ಶಕ್ತಿಯಿಂದಲೇ ನಾವು ಮೆಟ್ಟಿಲು ಹತ್ತುತ್ತೇವೆ, ಹೃದಯ ಬಡಿಯುತ್ತದೆ. ದೇಹದ ರಂಜಕದಲ್ಲಿ ಸುಮಾರು ಶೇ. 85 ಮೂಳೆ ಮತ್ತು ಹಲ್ಲುಗಳಲ್ಲಿದೆ.

*ತೊಂದರೆ ಎಲ್ಲಿ?*
ಹೆಚ್ಚಾದ ಫಾಸ್ಫೇಟನ್ನು ಹೊರಹಾಕುವುದು ಕಿಡ್ನಿಯ ಕೆಲಸ. ಕಿಡ್ನಿ ಸೋತರೆ ಅದು ರಕ್ತದಲ್ಲೇ ಉಳಿಯುತ್ತದೆ. ಮೊದಮೊದಲು ಏನೂ ಗೊತ್ತಾಗದಿರಬಹುದು. ಬರಬರುತ್ತಾ ಮೈ ತುರಿಕೆ ಬರಬಹುದು, ಮೂಳೆ ಸವೆಯಬಹುದು, ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡು ಹೃದಯಕ್ಕೂ ಅಪಾಯವಾಗಬಹುದು.

*ಬೇಳೆಗಿಂತ ಪ್ಯಾಕೆಟ್ಟಿನ ಮೇಲೆ ಕಣ್ಣಿಡಿ*
ಬೇಳೆ, ಕಾಳು, ರಾಗಿ, ಜೋಳಗಳಲ್ಲಿ ಫಾಸ್ಫೇಟ್ ಹೆಚ್ಚಾಗಿ ಫೈಟೇಟ್ ರೂಪದಲ್ಲಿರುತ್ತದೆ. ಅದನ್ನು ನಮ್ಮ ಕರುಳು ಪೂರ್ತಿ ಬಿಡಿಸಲಾರದು, ಸುಮಾರು ಅರ್ಧಕ್ಕಿಂತ ಕಡಿಮೆಯೇ ರಕ್ತ ಸೇರುತ್ತದೆ. ಕಾರ್ಖಾನೆಯಲ್ಲಿ ಬೆರೆಸಿದ ಫಾಸ್ಫೇಟ್ ಹಾಗಲ್ಲ, ಅದರ ಬಹುಪಾಲು ರಕ್ತಕ್ಕೆ ಹೋಗುತ್ತದೆ. ಕೋಲಾ, ಪ್ರೊಸೆಸ್ಡ್ ಚೀಸ್, ಸಾಸೇಜ್, ಕೆಲವು ನೂಡಲ್ಸ್ ಮತ್ತು ಬೇಕರಿ ತಿಂಡಿಗಳಲ್ಲಿ ಇದಿರುತ್ತದೆ.

ಮುಂಬೈಯಾಗಲಿ ಚೆನ್ನೈಯಾಗಲಿ, ಲೇಬಲ್ಲಿನಲ್ಲಿ ಕನ್ನಡ ಸಿಗುವುದು ಅಪರೂಪ. ಊರಿಂದ ಬಂದು ನಿಮ್ಮ ಜೊತೆಗಿರುವ ಅಪ್ಪ ಅಮ್ಮನಿಗೆ ಇಂಗ್ಲಿಷ್, ಹಿಂದಿ ಓದಲು ಬಾರದಿದ್ದರೂ ಅಂಕಿ ಗೊತ್ತಾಗುತ್ತದೆ. ಇವನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ:

*338, 339, 340, 341, 450, 451, 452*

ಪದಾರ್ಥಗಳ ಪಟ್ಟಿಯಲ್ಲಿ ಇವುಗಳಲ್ಲಿ ಯಾವುದಾದರೂ ಕಂಡರೆ ಕಿಡ್ನಿ ಕಾಯಿಲೆಯವರಿಗೆ ಆ ಪ್ಯಾಕೆಟ್ ಬೇಡ.

*ಇನ್ನೆರಡು ಮಾತು*
1. ಫಾಸ್ಫೇಟ್ ತಗ್ಗಿಸುವ ಮಾತ್ರೆ ಕೊಟ್ಟಿದ್ದರೆ ಡಾಕ್ಟರ್ ಹೇಳಿದಂತೆ ಊಟದ ಜೊತೆಗೇ ತೆಗೆದುಕೊಳ್ಳಿ. ಅದು ಊಟದಲ್ಲಿರುವ ಫಾಸ್ಫೇಟನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ. ಬರಿಹೊಟ್ಟೆಯಲ್ಲಿ ನುಂಗಿದರೆ ಆ ಕೆಲಸ ಆಗುವುದಿಲ್ಲ.
2. ಹೆದರಿ ಬೇಳೆ, ಮೊಟ್ಟೆ ನಿಲ್ಲಿಸಬೇಡಿ. ಡಯಾಲಿಸಿಸ್‌ನವರಿಗೆ ಪ್ರೋಟೀನ್ ಬೇಕೇ ಬೇಕು. ಎಷ್ಟು ತಿನ್ನಬೇಕೆಂದು ಡಾಕ್ಟರ್ ಅಥವಾ ಡಯಟೀಷಿಯನ್ ಹತ್ತಿರ ಕೇಳಿ.

ಕಿಡ್ನಿ ಚೆನ್ನಾಗಿರುವವರು ಗಾಬರಿಪಡಬೇಕಿಲ್ಲ. ಆದರೆ ಡಯಾಲಿಸಿಸ್‌ಗೆ ಹೋಗುವ ಒಬ್ಬರು ನಿಮ್ಮ ಬಂಧುಬಳಗದಲ್ಲಿದ್ದರೂ ಇದನ್ನು ಅವರ ಮನೆಗೆ ತಪ್ಪದೆ ಕಳಿಸಿ.