ಪರೀಕ್ಷೆಗೆ ಹೊರಟ ಹಳೆಯ ಕಾರು

ಹರಿಹರದ ಮನೆಯಂಗಳದಲ್ಲಿ ಹದಿನೈದು ವರ್ಷದ ನೋಂದಣಿ ಮುಗಿದ ಕಾರೊಂದು ನಿಂತಿದೆಯೆನ್ನೋಣ. ಅದನ್ನು ನವೀಕರಿಸಲು ದಾವಣಗೆರೆಯ ಸಾರಿಗೆ ಕಚೇರಿಯವರಿಗೆ ಗಾಡಿಯನ್ನೇ ತೋರಿಸಬೇಕು. ಸುಮಾರು 14 ಕಿಲೋಮೀಟರಿನ ಆ ಹಾದಿಯನ್ನು ಓಡಿಸಿಕೊಂಡೇ ಕ್ರಮಿಸಬಹುದೇ? ಇಂಗ್ಲೆಂಡಿನಲ್ಲಿ ಮೊದಲೇ ಗೊತ್ತುಮಾಡಿಕೊಂಡ ಪರೀಕ್ಷೆಗೆ ಹೊರಟವರಿಗೆ ಅಂಥ ರಿಯಾಯಿತಿಯುಂಟು. ನಮ್ಮ 1988ರ ಮೋಟಾರು ವಾಹನ ಕಾಯಿದೆಯ 192ನೆಯ ಪ್ರಕರಣವು ರೋಗಿಗಳನ್ನು ಸಾಗಿಸುವುದೇ ಮೊದಲಾದ ತುರ್ತುಗಳನ್ನಷ್ಟೇ ಮನ್ನಿಸುತ್ತದೆ. ಪರೀಕ್ಷೆಯ ಪ್ರಯಾಣ ಅದರೊಳಗೆ ಬಾರದು. ದಂಡವನ್ನಾದರೂ ತೆತ್ತು ಮುಗಿಸಬಹುದು, ಅಪಘಾತವಾದರೆ? ತಾತ್ಕಾಲಿಕ ನೋಂದಣಿ ತೀರಿದ್ದ ಗಾಡಿಯೊಂದಕ್ಕೆ ವಿಮೆಯ ಹಣ ಸಲ್ಲದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿದೆ.

ಆದುದರಿಂದ ಅಂಥ ಕಾರನ್ನು ಲಾರಿಯ ಮೇಲೇರಿಸಿ ಒಯ್ಯುವುದೇ ಸರಿಯೆಂದು ನಾವು ಹೇಳುತ್ತೇವೆ. ಬಾಡಿಗೆ ಹೊರೆಯೆನಿಸುವುದು ನಿಜ. ಅವಧಿ ತೀರುವ ಮುಂಚಿನ 60 ದಿನಗಳಲ್ಲೇ ಅರ್ಜಿ ಹಾಕಿ ಗಾಡಿ ತೋರಿಸುವವರು ಅದರಲ್ಲೇ ಕುಳಿತು ಹೋಗಿಬರಬಹುದು.