ತುಂಬೆಗೊಂದು ಮಡಿ

ಶಹಾಪುರ ತಾಲ್ಲೂಕಿನ ವನದುರ್ಗದಂಥ ಊರುಗಳಲ್ಲಿ ಮಳೆ ಬಿದ್ದೊಡನೆ ತಾನಾಗಿ ಮೊಳೆಯುವ ತುಂಬೆಯನ್ನು (ಲ್ಯೂಕಸ್ ಆಸ್ಪೆರ) ಕಳೆಯೆಂದು ಆಗಸ್ಟ್ 15ರ ಸ್ವಚ್ಛತೆಯಲ್ಲಿ ಶಾಲೆಯಂಗಳದಿಂದ ಕಿತ್ತೆಸೆಯುತ್ತೇವೆ, ಅದೂ ಹೂ ಬಿಡುವ ಹೊತ್ತಿಗೆ! ಒಂದು ಮಡಿಯನ್ನಾದರೂ ಉಳಿಸಿ ನೋಡಿ. ಹೂವಿನ ಅಗಲವಾದ ಕೆಳತುಟಿ ಜೇನ್ನೊಣಕ್ಕೆ ಇಳಿದಾಣ. ಮಕರಂದಕ್ಕಾಗಿ ಅದು ನಳಿಕೆಯೊಳಗೆ ತಲೆ ತೂರಿಸಿದಾಗ, ರೋಮಭರಿತ ಮೇಲ್ತುಟಿಯ ಅಡಿಯಲ್ಲಿರುವ ನಾಲ್ಕು ಕೇಸರಗಳ ಪರಾಗ ಮೈಗೆ ಅಂಟುತ್ತದೆ. ತುಂಬೆ ಏಕವಾರ್ಷಿಕ; ಬೀಜವಾಗುವ ಮುನ್ನ ಕಿತ್ತರೆ ಮುಂದಿನ ಮಳೆಗೆ ಆ ವರ್ಷದ ಬೀಜವೇ ಇರುವುದಿಲ್ಲ. ಹೂವೊಂದಕ್ಕೆ ಹೆಚ್ಚೆಂದರೆ ನಾಲ್ಕು ಬೀಜ. ಗೊಂಚಲು ಒಣಗಿದಾಗ ಕಾಗದದ ಮೇಲೆ ಕೊಡವಿ ತೆಗೆದಿಡಿ. ಜೂನ್‌ನಲ್ಲಿ ಮರಳಿನೊಡನೆ ಬೆರೆಸಿ, ನೀರು ನಿಲ್ಲದ ಬಿಸಿಲಿನ ಜಾಗದಲ್ಲಿ ಚೆಲ್ಲಿ, ಆಳಕ್ಕೆ ಹೂಳಬೇಡಿ. ಕೀಟನಾಶಕವಂತೂ ಬೇಡ, ನಾವು ಕರೆಯುತ್ತಿರುವುದೇ ಕೀಟವನ್ನಲ್ಲವೆ? ಹೂ ಬಂದ ಮೇಲೆ ಬೆಳಿಗ್ಗೆ ಹತ್ತು ನಿಮಿಷ ಕುಳಿತು, ಯಾವ ಕೀಟ ಎಷ್ಟು ಸಲ ಬಂತೆಂದು ಮಕ್ಕಳು ಬರೆದಿಡಲಿ.