ರಕ್ತಸ್ರಾವ ಜ್ವರಗಳೂ ಪ್ರತಿಕಾಯ ಚಿಕಿತ್ಸೆಯೂ

ಪ್ರಯೋಗಶಾಲೆಯ ಕೋತಿಗಳು ಮಾರಕ ಜ್ವರವೊಂದರಿಂದ ಬದುಕಿ ಉಳಿದವೆಂಬ ವರ್ತಮಾನವು ಬಂದಾಗಲೆಲ್ಲ ನಮ್ಮ ಜನರಲ್ಲಿ ಎರಡು ಬಗೆಯ ಮಾತುಗಳು ಹುಟ್ಟುವುದನ್ನು ಕಾಣುತ್ತೇವೆ. ಔಷಧವು ಸಿದ್ಧವಾಯಿತು, ಇನ್ನು ಭಯವಿಲ್ಲವೆಂದು ಕೆಲವರು ಹಿಗ್ಗುವರು; ಕೋತಿಗೆ ಗುಣವಾದರೆ ಮನುಷ್ಯನಿಗೆ ಬಂದುದೇನೆಂದು ಮತ್ತೆ ಕೆಲವರು ಅಲ್ಲಗಳೆಯುವರು. ಈ ಎರಡೂ ವಿಚಾರಶೂನ್ಯವಾದ ಮಾತುಗಳೆಂದು ನಮ್ಮ ಅಭಿಪ್ರಾಯ. ಎಬೋಲಾ ಜ್ವರದ ಚಿಕಿತ್ಸೆಯು ನಡೆದುಬಂದ ದಾರಿಯನ್ನು ನೋಡಿದವರಿಗೆ ಇದು ಮನವರಿಕೆಯಾಗದಿರದು.

ಎಬೋಲಾ, ಮಾರ್ಬರ್ಗ್, ಲಾಸ್ಸಾ, ನಮ್ಮ ಮಲೆನಾಡಿನ ಮಂಗನ ಕಾಯಿಲೆ, ಇವೆಲ್ಲವೂ ವೈರಾಣುಗಳಿಂದ ಹುಟ್ಟುವ ರಕ್ತಸ್ರಾವ ಜ್ವರಗಳ ವರ್ಗಕ್ಕೆ ಸೇರಿದವು. ಇಂತಹ ರೋಗದಿಂದ ಪಾರಾದವನ ರಕ್ತದಲ್ಲಿ ಆ ವೈರಾಣುವನ್ನೇ ಗುರುತಿಸಿ ಹಿಡಿಯುವ ಸೂಕ್ಷ್ಮ ದ್ರವ್ಯಗಳು ಉತ್ಪನ್ನವಾಗಿರುವುವು; ಅವಕ್ಕೆ ಪ್ರತಿಕಾಯಗಳೆಂದು ಹೆಸರು. ಅವು ವೈರಾಣುವಿನ ಮೈಗೆ ಅಂಟಿಕೊಂಡು, ಅದು ಜೀವಕೋಶದೊಳಗೆ ಹೊಗದಂತೆ ತಡೆಯುವುವು. ರೋಗವನ್ನು ಗೆದ್ದವನ ಬಲವನ್ನು ಸೋಲುತ್ತಿರುವವನಿಗೆ ಎರವಾಗಿ ಕೊಡುವುದೇ ಈ ಚಿಕಿತ್ಸೆಯ ತತ್ತ್ವವು.

1995ರಲ್ಲಿ ಕಾಂಗೋ ದೇಶದ ಕಿಕ್ವಿಟ್ ಪಟ್ಟಣದಲ್ಲಿ ಎಬೋಲಾ ತಲೆದೋರಿ, ರೋಗಿಗಳಲ್ಲಿ ನೂರಕ್ಕೆ ಸುಮಾರು 80 ಮಂದಿಯನ್ನು ಬಲಿ ತೆಗೆದುಕೊಂಡಿತು. ಆ ದೇಶದವರೇ ಆದ ಡಾಕ್ಟರ್ ಮುಯೆಂಬೆಯವರೂ ಅವರ ಸಹೋದ್ಯೋಗಿಗಳೂ ಗುಣವಾದವರ ರಕ್ತವನ್ನು ಎಂಟು ಮಂದಿ ರೋಗಿಗಳಿಗೆ ಕೊಟ್ಟರು. ಏಳು ಮಂದಿ ಬದುಕಿದರು. ಆದರೆ ಅವರು ರಕ್ತದಿಂದ ಬದುಕಿದರೋ, ಉತ್ತಮ ಶುಶ್ರೂಷೆಯಿಂದ ಬದುಕಿದರೋ ಎಂದು ಪಂಡಿತರು ಶಂಕಿಸಿದರು. ಹೋಲಿಸಿ ನೋಡಲು ಸರಿಯಾದ ಮತ್ತೊಂದು ಪಂಗಡವಿಲ್ಲದಿದ್ದುದರಿಂದ ಆ ಶಂಕೆಯು ನ್ಯಾಯವಾದುದೇ ಆಗಿದ್ದಿತು.

ಅದೇ ಕಿಕ್ವಿಟ್ಟಿನಲ್ಲಿ ಬದುಕಿ ಉಳಿದವರಿಂದಲೇ ಮುಂದೆ ಎರಡು ಪ್ರತಿಕಾಯಗಳು ದೊರೆತವು. ಇವೆರಡರ ಗತಿಯು ವಿಚಾರಯೋಗ್ಯವಾದುದು. ಮೊದಲನೆಯದಾದ ಕೆಝಡ್52 ಎಂಬುದು ಗಿನಿಪಿಗ್ ಎಂಬ ಸಣ್ಣ ಪ್ರಾಣಿಗಳನ್ನು ರಕ್ಷಿಸಿತು. ಆದರೆ 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕೋತಿಗಳನ್ನು ರಕ್ಷಿಸಲಾರದೆ ಹೋಯಿತು. ಗಿನಿಪಿಗ್ಗಿನ ಸಾಕ್ಷ್ಯವನ್ನೇ ನಂಬಿ ಮನುಷ್ಯರಿಗೆ ಕೊಟ್ಟಿದ್ದರೆ ಎಷ್ಟು ಜನರ ಆಶೆಯು ಮಣ್ಣುಪಾಲಾಗುತ್ತಿತ್ತೋ! ಎರಡನೆಯದು, ರೋಗವು ವಾಸಿಯಾಗಿ ಹನ್ನೊಂದು ವರ್ಷಗಳಾದ ಮೇಲೆ ತೆಗೆದ ರಕ್ತದಿಂದ ಲಭಿಸಿದ ಎಂಎಬಿ114. ಸೋಂಕು ತಗಲಿ ಐದು ದಿನಗಳಾದ ಮೇಲೆ ಕೊಟ್ಟರೂ ಇದೊಂದೇ ಕೋತಿಗಳನ್ನು ಉಳಿಸಿತೆಂದು 2016ರಲ್ಲಿ ಪ್ರಕಟವಾಯಿತು.

ಹಾಗಾದರೆ ಕೋತಿಯ ಸಾಕ್ಷ್ಯವೇ ಸಾಕೆ? ಅದೂ ಸಾಲದು. ತಂಬಾಕಿನ ಜಾತಿಯ ಗಿಡದಲ್ಲಿ ಬೆಳೆಸಿದ ಮೂರು ಪ್ರತಿಕಾಯಗಳ ಝೆಡ್‌ಮ್ಯಾಪ್ ಎಂಬ ಮಿಶ್ರಣವು 2014ರ ಪರೀಕ್ಷೆಯಲ್ಲಿ 18 ಕೋತಿಗಳಿಗೆ 18ನ್ನೂ ಉಳಿಸಿತು. ಔಷಧವಿಲ್ಲದೆ ಬಿಟ್ಟ ಮೂರು ಕೋತಿಗಳು ಸತ್ತವು. ಲೋಕವೆಲ್ಲ ಕೊಂಡಾಡಿತು. ಆದರೆ 2018ರ ನವೆಂಬರಿನಿಂದ 2019ರ ಆಗಸ್ಟಿನವರೆಗೆ ಕಾಂಗೋದಲ್ಲಿ, ಮುಯೆಂಬೆಯವರ ನೇತೃತ್ವವೂ ಸೇರಿ ನಡೆದ ಪರೀಕ್ಷೆಯಲ್ಲಿ ನಾಲ್ಕು ಔಷಧಗಳನ್ನು 681 ರೋಗಿಗಳಲ್ಲಿ ಹೋಲಿಸಿ ನೋಡಲಾಗಿ, ಝೆಡ್‌ಮ್ಯಾಪ್ ಪಡೆದವರಲ್ಲಿ ನೂರಕ್ಕೆ ಸುಮಾರು 50 ಮಂದಿ ತೀರಿಕೊಂಡರು. ಎಂಎಬಿ114 ಪಡೆದವರಲ್ಲಿ ಸುಮಾರು 35, ಆರ್‌ಇಜಿಎನ್-ಇಬಿ3 ಎಂಬ ಮತ್ತೊಂದು ಪ್ರತಿಕಾಯ ಮಿಶ್ರಣವನ್ನು ಪಡೆದವರಲ್ಲಿ ಸುಮಾರು 34 ಮಂದಿ ತೀರಿಕೊಂಡರು. ರಕ್ತದಲ್ಲಿ ವೈರಾಣುವು ಇನ್ನೂ ಕಡಿಮೆಯಿದ್ದ ರೋಗಿಗಳಲ್ಲಿ ಈ ಕೊನೆಯ ಎರಡು ಔಷಧಗಳಿಂದ ಮರಣವು ನೂರಕ್ಕೆ ಹತ್ತು ಹನ್ನೊಂದಕ್ಕೆ ಇಳಿಯಿತು. ಇವೆರಡಕ್ಕೂ ಅಮೆರಿಕದಲ್ಲಿ 2020ರಲ್ಲಿ ಸಮ್ಮತಿ ದೊರೆಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇವನ್ನು ಶಿಫಾರಸು ಮಾಡಿತು.

ಇದರಿಂದ ತಿಳಿಯತಕ್ಕುದೇನು? ಪ್ರಾಣಿಪರೀಕ್ಷೆಯು ಜಳ್ಳನ್ನು ತೂರಿ ಕಾಳನ್ನು ಉಳಿಸುವ ಮೊರವೇ ಹೊರತು ಉಣ್ಣುವ ಅನ್ನವಲ್ಲ. ಮೊರವನ್ನು ಬಿಟ್ಟರೆ ಜಳ್ಳೇ ಎಲೆಗೆ ಬೀಳುವುದು; ಮೊರವನ್ನೇ ನೋಡುತ್ತ ಕುಳಿತರೆ ಹಸಿವು ಹಿಂಗದು. ಕೋತಿಗೆ ಸೋಂಕು ತಗಲಿದ ಗಳಿಗೆಯು ಪರೀಕ್ಷಕನಿಗೆ ಗೊತ್ತಿರುತ್ತದೆ. ಆಸ್ಪತ್ರೆಯ ಬಾಗಿಲಿಗೆ ಬಂದ ಬಡ ರೈತನಿಗೆ ಅದು ಎಂದು ತಗಲಿತೆಂದು ಹೇಳಬಲ್ಲವರಾರು? ಆದುದರಿಂದಲೇ ಮನುಷ್ಯರಲ್ಲಿ ಪ್ರಾಮಾಣಿಕವಾದ ಪರೀಕ್ಷೆಯೂ, ರೋಗಿಯು ಬೇಗನೆ ಬಂದು ಸೇರುವಂತಹ ಏರ್ಪಾಡೂ ಅವಶ್ಯವಾಗಿವೆ.

ಈ ವಿಚಾರವು ನಮಗೆ ದೂರದ್ದೆಂದು ಯಾರೂ ಭಾವಿಸಲಾಗದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗು ಕಡಿತದಿಂದ ಹರಡಿ, ಸೌದೆಗೂ ದರಗೆಲೆಗೂ ಕಾಡು ಹೊಗುವ ಬಡವರನ್ನೇ ಹೆಚ್ಚಾಗಿ ಹಿಡಿಯುತ್ತದೆ. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿಯನ್ನು ಕೊಲ್ಲುತ್ತದೆ. ಇದಕ್ಕೆ ನಿರ್ದಿಷ್ಟವಾದ ಔಷಧವು ಇಂದಿಗೂ ಇಲ್ಲ, ಶುಶ್ರೂಷೆಯೊಂದೇ ಗತಿ. ಎಬೋಲಾದ ಪ್ರತಿಕಾಯವು ಇದಕ್ಕೆ ನಾಟದು. ಒಂದೊಂದು ವೈರಾಣುವಿಗೂ ಅದರದೇ ಪ್ರತಿಕಾಯ ಬೇಕು. ಅದನ್ನು ಹುಡುಕಲು ಸಾಧನವಿಲ್ಲವೆಂಬ ಮಾತು ಸಲ್ಲದು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ನಮ್ಮ ಕಾಡಿನ ಜಾತಿಯ ಕೋತಿಗಳಲ್ಲಿಯೇ ಈ ರೋಗದ ಗತಿಯನ್ನು ಅಭ್ಯಸಿಸಿ 2020ರಲ್ಲಿ ಪ್ರಕಟಿಸಿದ್ದಾರೆ. ರೋಗವನ್ನು ಗೆದ್ದ ಮನೆಗಳೂ ಮಲೆನಾಡಿನಲ್ಲಿ ಉಂಟು.

ಕಾಂಗೋದಂತಹ ಬಡ ದೇಶದ ವೈದ್ಯನು ತನ್ನ ಜನರ ರಕ್ತದಲ್ಲಿಯೇ ಮದ್ದಿದೆಯೆಂದು ನಂಬಿ, ಶಂಕೆಯನ್ನು ಸಹಿಸಿ, ಇಪ್ಪತ್ತು ವರ್ಷಗಳಿಗೂ ಮೇಲೆ ಕಾದು, ಅದು ಸಿದ್ಧವಾದುದನ್ನು ಕಣ್ಣಾರೆ ಕಂಡನು. ಸರ್ಕಾರದವರೂ ನಮ್ಮ ವಿಜ್ಞಾನಿಗಳೂ ಅದೇ ನಂಬಿಕೆಯಿಂದ, ಅದೇ ತಾಳ್ಮೆಯಿಂದ, ಮಲೆನಾಡಿನ ಜನರ ಪರವಾಗಿ ಈ ಕೆಲಸಕ್ಕೆ ಕೈಹಾಕಬೇಕೆಂದು ನಾವು ಬಲವಾಗಿ ಸೂಚಿಸುತ್ತೇವೆ.